ರಾಕ್ಷಸನಿಗೆ ಮೂಲಂಗಿ ಪೆಟ್ಟು

"ಇವತ್ತಿನಿಂದ ಈ ಜಪಾನ್ ದೇಶದಲ್ಲಿ ನನ್ನನ್ನು ಯಾರೂ, ಯಾವುದೂ, ಯಾವ ಕಾರಣಕ್ಕೂ ಬೆಚ್ಚಿಬೀಳಿಸೋಕೆ ಆಗಲ್ಲ!"

ವರ್ಷದ ಕೊನೆಯ ದಿನ ಬೆಳಿಗ್ಗೆ, ಕೊತಾತ್ಸುವಿನ ರಜಾಯಿಯೊಳಗೆ ಸೊಂಟದವರೆಗೆ ಹೂತುಕೊಂಡು, ಒಂದು ಕೈ ಮೇಲೆತ್ತಿ ನಾನು ಮಾಡಿದ ಭೀಷ್ಮಪ್ರತಿಜ್ಞೆ ಇದು. ಇನ್ನೊಂದು ಕೈಯಲ್ಲಿ ಮೊಬೈಲ್ ಇತ್ತು. ಕೊತಾತ್ಸು ಅಂದರೆ ಅಡಿಯಲ್ಲಿ ಹೀಟರ್, ಮೇಲೆ ರಜಾಯಿ ಇರುವ ಗಿಡ್ಡ ಮೇಜು. ಚಳಿಗಾಲದಲ್ಲಿ ಒಮ್ಮೆ ಅದರೊಳಗೆ ಕಾಲು ಚಾಚಿದರೆ ಮತ್ತೆ ಎದ್ದು ಬರುವುದು ಮನುಷ್ಯಮಾತ್ರದವರಿಂದ ಆಗುವ ಕೆಲಸವಲ್ಲ.

ನನ್ನ ಹೆಂಡತಿ ಜುನು ಅಡುಗೆಮನೆಯಿಂದ ಕೇಳಿದಳು: "ಹೌದಾ? ಸಂಜೆವರೆಗಾದ್ರೂ ಇರುತ್ತಾ ಈ ಪ್ರತಿಜ್ಞೆ?"

"ಸಂಜೆವರೆಗೆ ಏನೇ, ಸಾಯೋವರೆಗೆ! ನಾನು ತೇಜ್‌ಜಂಗ್ ಗುರುಂಗ್ ಕಣೇ! ಮೈಯಲ್ಲಿ ಹರೀತಿರೋದು ಗೂರ್ಖಾ ರಕ್ತ! ನಮ್ಮಪ್ಪ ಬ್ರಿಟಿಷ್ ಪಲ್ಟನ್ನಿನಲ್ಲಿ..."

"ಅಡುಗೆಯವರಾಗಿದ್ರು."

"ಪಲ್ಟನ್ನಿಗೆ ಅಡುಗೆ ಮಾಡೋಕೂ ಎದೆಗಾರಿಕೆ ಬೇಕು! ಉಪ್ಪು ಹೆಚ್ಚಾದ್ರೆ ಎಲ್ಲರ ಸೊಂಟದಲ್ಲೂ ಖುಕ್ರಿ ಕತ್ತಿ ಇರುತ್ತೆ, ಗೊತ್ತಾ?"

ಇಂಥ ಪ್ರತಿಜ್ಞೆ ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ, ನಾಚಿಕೆ ಬಿಟ್ಟು. ನೇಪಾಳದ ಲಮ್ಜುಂಗ್ ಬೆಟ್ಟದಿಂದ ಗಂಡ ಹೆಂಡತಿ ಇಬ್ಬರೂ ಜಪಾನೀ ಭಾಷೆ ಕಲಿಯೋಣ ಅಂತ ಈ ಉತ್ತರದ ಮೀನುಗಾರರ ಊರಿಗೆ ಬಂದು ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂತಿದ್ದೆವು. ಜುನು ಭಾಷೆ ಕಲಿತಳು. ನಾನು ಬೆಚ್ಚಿಬೀಳುವುದನ್ನು ಕಲಿತೆ! ಹತ್ತಿರ ಹೋದರೆ ಸಾಕು, ಕಮೋಡಿನ ಮುಚ್ಚಳ ತಾನಾಗಿ ಮೇಲೆದ್ದು ನಮಸ್ಕಾರ ಮಾಡಿತು. ನಾನು "ಅಯ್ಯೋ!" ಅಂದೆ. ಕೂತರೆ ಅದು ಬೆಚ್ಚಗಿತ್ತು. ಈಗಷ್ಟೇ ಯಾರೋ ಎದ್ದು ಹೋಗಿದ್ದಾರೆ ಅಂತ ಮತ್ತೆ "ಅಯ್ಯೋ!" ಅಂದೆ. ಒಂದು ಸಂಜೆ ಬಟ್ಟೆ ಬಿಚ್ಚಿ ಬಚ್ಚಲಿಗೆ ಕಾಲಿಟ್ಟರೆ ಗೋಡೆಯೊಳಗಿನಿಂದ ಒಬ್ಬ ಹೆಂಗಸು ಮಧುರವಾಗಿ "ಸ್ನಾನದ ನೀರು ಕಾದಿದೆ" ಅಂದಳು. ಕ್ಷಮಿಸಿ ತಾಯಿ ಅಂತ ಕೈಮುಗಿದು, ಇದ್ದ ಹಾಗೇ ಹೊರಗೆ ಓಡಿದೆ. ಅದು ಗೀಸರಿನ ಧ್ವನಿ ಅಂತ ನಂಬಿಸಲು ಜುನುಗೆ ಅರ್ಧ ದಿನ ಹಿಡಿಯಿತು. ಇನ್ನು ದಿನಾ ಸಂಜೆ ಐದಕ್ಕೆ ಊರ ಕಂಬದ ಮೇಲಿನ ಸ್ಪೀಕರಿನಲ್ಲಿ, ಮಕ್ಕಳು ಆಟ ಬಿಟ್ಟು ಮನೆಗೆ ಹೋಗಲಿ ಅಂತ ಒಂದು ಹಾಡು ಬರುತ್ತದೆ. ಮೊದಲ ದಿನ ಅದನ್ನು ಕೇಳಿ, ಸುನಾಮಿ ಬಂತು ಅಂತ ಪಾಸ್‌ಪೋರ್ಟ್ ಕಚ್ಚಿಕೊಂಡು ಗುಡ್ಡ ಹತ್ತಿದ್ದೆ! ಮೇಲಿಂದ ನೋಡಿದರೆ ಕೆಳಗೆ ಮಕ್ಕಳು ಕೈಬೀಸುತ್ತಾ ಮನೆಗೆ ಹೋಗುತ್ತಿದ್ದವು.

ಊರೆಲ್ಲ ನಕ್ಕಿತು. ಸಾಕಪ್ಪಾ ಸಾಕು, ಇನ್ನು ಬೆಚ್ಚುವುದಿಲ್ಲ ಅಂತ ತೀರ್ಮಾನಿಸಿದೆ.

ಆ ದಿನವೇ ತೀರ್ಮಾನಿಸಲು ಇನ್ನೊಂದು ಕಾರಣವೂ ಇತ್ತು. ಶಾಲೆಯ ಹಾಸ್ಟೆಲಿನಲ್ಲಿ ಗಂಡಸರ ಕಟ್ಟಡವೇ ಬೇರೆ, ಹೆಂಗಸರ ಕಟ್ಟಡವೇ ಬೇರೆ. ಮದುವೆಯಾದವರಿಗೆ ಅಂತ ಮೂರನೆಯದನ್ನು ಯಾರೂ ಕಟ್ಟಿರಲಿಲ್ಲ. ಎಂಟು ತಿಂಗಳಿನ ಸಂಸಾರವನ್ನು ನಾವು ಕ್ಯಾಂಟೀನಿನ ಮೇಜಿನ ಆಚೆ ಈಚೆ ಕೂತು ನಡೆಸಿದೆವು. ಹೆಂಡತಿಯ ಜೊತೆ ಜಗಳ ಆಡಬೇಕೆಂದರೂ ಮೊದಲೇ ಸಮಯ ಗೊತ್ತುಮಾಡಬೇಕಿತ್ತು! ಕೊನೆಗೆ ಫುನಾಕಿ ಯಜಮಾನರಿಗೆ ನಮ್ಮ ಮೇಲೆ ಕನಿಕರ ಹುಟ್ಟಿತು. ಮೀನು ಹಿಡಿಯುವುದನ್ನು ಬಿಟ್ಟು ಈಗ ಊರ ಹಿರಿತನ ನೋಡಿಕೊಳ್ಳುತ್ತಿದ್ದವರು. ಖಾಲಿ ಬಿದ್ದಿದ್ದ ತಮ್ಮ ಪಕ್ಕದ ಮನೆಯ ಕೀಲಿಕೈ ಕೊಟ್ಟು, "ವರ್ಷದ ಕೊನೆವರೆಗೆ ನೋಡೋಣ. ಊರಿಗೆ ಹೊಂದ್ಕೊಂಡ್ರೆ ಇರಿ. ಇಲ್ಲಾಂದ್ರೆ ವಾಪಸ್ ಹಾಸ್ಟೆಲ್" ಅಂದಿದ್ದರು.

ವರ್ಷದ ಕೊನೆ ಅಂದರೆ ಆ ದಿನ! ಸಂಜೆ ಅವರು ಬರುವವರಿದ್ದರು. ಎಲ್ಲೂ ಎಡವಟ್ಟಾಗಬಾರದು. ಆಯಿತೋ, ಮತ್ತೆ ಗಂಡ ಒಂದು ಕಟ್ಟಡ, ಹೆಂಡತಿ ಒಂದು ಕಟ್ಟಡ.

"ರೀ, ಇಲ್ಲಿ ಕೇಳಿ" ಅಂತ ಜುನು ಕೈ ಒರೆಸಿಕೊಳ್ಳುತ್ತಾ ಬಂದು ಎದುರಿಗೆ ಕೂತಳು. ಮೊಬೈಲಿನಲ್ಲಿ ಕಠ್ಮಂಡುವಿನ ಫುಟ್‌ಬಾಲ್ ಪಂದ್ಯ ಕೊನೆಯ ಘಟ್ಟದಲ್ಲಿತ್ತು. ಅವಳು ಸಂಜೆ ಬರುವವರ ಬಗ್ಗೆ ಏನೋ ಹೇಳಿದಳು. ನಾನು "ಹೂಂ" ಅಂದೆ. ಸ್ವಲ್ಪ ಗಲಾಟೆ ಇರುತ್ತೆ ಅಂತಲೋ ಏನೋ ಹೇಳಿದಳು. "ಹೂಂ" ಅಂದೆ. ಆಮೇಲೆ ದನಿ ತಗ್ಗಿಸಿ ಇನ್ನೂ ಏನೋ ಹೇಳಿದಳು. ಪೆನಾಲ್ಟಿ ಕಿಕ್! "ಹೂಂ ಹೂಂ, ಚಾರ್ಜರ್ ಎಲ್ಲಿಟ್ಟಿದ್ದೀಯ?" ಅಂದೆ.

ಜುನು ಒಂದು ಗಳಿಗೆ ನನ್ನನ್ನೇ ನೋಡಿ ಎದ್ದುಹೋದಳು. ಚಾರ್ಜರ್ ಬಂದು ರಜಾಯಿಯ ಮೇಲೆ ಬಿತ್ತು. ಗೋಲೂ ಬಿತ್ತು. ಒಟ್ಟಿನಲ್ಲಿ ದಿನ ಚೆನ್ನಾಗಿದೆ ಅಂದುಕೊಂಡೆ.

ಸಂಜೆಯ ಹೊತ್ತಿಗೆ ಹೊರಗೆ ಹಿಮ ಬೀಳುತ್ತಿತ್ತು. ಜುನು ತಟ್ಟೆ ಜೋಡಿಸುತ್ತಿದ್ದಳು: ಸುಟ್ಟ ಮೀನು, ಉಪ್ಪಿನಕಾಯಿ, ಅಕ್ಕಿಯ ಮದ್ಯದ ಶೀಸೆ. ಮೀನು ಸುಡುವಾಗ ಮೂಗಿಗೆ ಸೆರಗು ಒತ್ತಿ ಹಿಡಿದಿದ್ದಳು. ಶೀತ ಇರಬೇಕು ಅಂತ ನಾನು ವೈದ್ಯನ ಹಾಗೆ ನಿರ್ಧರಿಸಿ, ಹಿರಿಯರೆದುರು ಶುಭ್ರವಾಗಿರಬೇಕು ಅಂತ ಸ್ನಾನಕ್ಕೆ ಹೋದೆ.

ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕಣ್ಣುಮುಚ್ಚಿ ಎಲ್ಲ ದೇವರನ್ನೂ ನೆನೆಯುತ್ತಿದ್ದೆ. ಮುಂಬಾಗಿಲು ಧಡಾರ್ ಅಂತ ತೆರೆಯಿತು!

"ವೂಓಓಓಓ! ವೂಓಓಓಓ!"

ಮನೆಯ ಮರದ ಹಲಗೆಗಳು ಧಬಧಬ ನಡುಗಿದವು. ತೊಟ್ಟಿಯ ನೀರು ತುಳುಕಿ ಕಿವಿಗೆ ಹೋಯಿತು. ಭೂಕಂಪ! ಅಲ್ಲ, ಭೂಕಂಪ ಕೂಗುವುದಿಲ್ಲ. ಕರಡಿ! ಈ ಕಡೆ ಬೆಟ್ಟದಿಂದ ಕರಡಿಗಳು ಇಳಿಯುವುದುಂಟು. ಅಷ್ಟರಲ್ಲಿ ಕರಡಿ ಜಪಾನೀ ಭಾಷೆಯಲ್ಲಿ ಮಾತಾಡಿತು.

"ಎಲ್ಲಿದ್ದಾನೆ ಸೋಮಾರಿ? ಈ ಮನೆಯ ಸೋಮಾರಿ ಎಲ್ಲಿದ್ದಾನೆ?"

ನನಗೆ ಆ ಭಾಷೆ ಅಷ್ಟಕ್ಕಷ್ಟೇ. ಆದರೆ 'ಸೋಮಾರಿ' ಅನ್ನುವ ಪದ ಮಾತ್ರ ಬಲು ಚೆನ್ನಾಗಿ ಗೊತ್ತಿತ್ತು, ಶಾಲೆಯಲ್ಲಿ ದಿನಾ ಕಿವಿಗೆ ಬೀಳುತ್ತಿತ್ತು. ನನ್ನನ್ನೇ ಹುಡುಕಿಕೊಂಡು ಬಂದಿದ್ದಾರೆ! ಟವೆಲ್ ಸುತ್ತಿಕೊಂಡು ಬಾಗಿಲ ಸಂದಿಯಿಂದ ಇಣುಕಿದೆ. ಕಂಡ ದೃಶ್ಯಕ್ಕೆ ಜೀವ ಬಾಯಿಗೆ ಬಂತು!

ಇಬ್ಬರು ರಾಕ್ಷಸರು! ಒಬ್ಬನ ಮುಖ ಕೆಂಪು, ಇನ್ನೊಬ್ಬನದು ನೀಲಿ. ತಲೆಯಲ್ಲಿ ಕೊಂಬು, ಬಾಯಲ್ಲಿ ಕೋರೆಹಲ್ಲು, ಮೈತುಂಬ ಒಣಹುಲ್ಲಿನ ಹೊದಿಕೆ, ಕೈಯಲ್ಲಿ ಮಾರುದ್ದದ ಕತ್ತಿ. ಕೆಂಪು ರಾಕ್ಷಸ ನೆಲವನ್ನು ಒದೆಯುತ್ತಾ ಜುನುವಿನ ಮೇಲೆಯೇ ಬಾಗಿದ್ದಾನೆ. ಜುನು, ನನ್ನ ಜುನು, ಮಂಡಿಯೂರಿ ಕೈಜೋಡಿಸಿ ತಲೆಬಾಗಿದ್ದಾಳೆ!

ಆಗ ಎದ್ದಿತು ನೋಡಿ ಗೂರ್ಖಾ ರಕ್ತ! "ಆಯೋ ಗೋರ್ಖಾಲಿ!" ಗೂರ್ಖಾ ಬಂದ ಅಂತ ನಮ್ಮವರ ರಣಘೋಷ ಅದು. ನಮ್ಮಪ್ಪ ಊಟಕ್ಕೆ ಕರೆಯುವಾಗಲೂ ಹೀಗೇ ಕೂಗುತ್ತಿದ್ದರು. ಬಚ್ಚಲ ಬಾಗಿಲ ಪಕ್ಕದ ಬುಟ್ಟಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ನುಗ್ಗಿದೆ. ಸಿಕ್ಕಿದ್ದು ಮೂಲಂಗಿ. ಇಲ್ಲಿನ ಮೂಲಂಗಿ ಅಂದರೆ ಕೈಯುದ್ದ, ತೊಡೆದಪ್ಪ! ಎರಡೂ ಕೈಯಲ್ಲಿ ಹಿಡಿದು ಬೀಸಿದ ಏಟಿಗೆ ಫಟ್ ಅಂತ ಮೂಲಂಗಿ ಎರಡು ತುಂಡಾಯಿತು, ಒಂದು ಕೊಂಬು ಹಾರಿಹೋಯಿತು, ಕೆಂಪು ರಾಕ್ಷಸ ಹಿಂದಕ್ಕೆ ಮುಗ್ಗರಿಸಿ ಬಾಗಿಲ ಬಳಿಯ ಮೆಟ್ಟಿಲಿನಿಂದ ನಮ್ಮ ಚಪ್ಪಲಿಗಳ ರಾಶಿಯ ಮೇಲೆ ಕುಕ್ಕರಿಸಿದ.

"ಅಯ್ಯಯ್ಯಪ್ಪಾ! ಕಾಲು! ನನ್ನ ಕಾಲು!"

ಧ್ವನಿ ಎಲ್ಲೋ ಕೇಳಿದ ಹಾಗಿತ್ತು. ಆ ಮೂಲಂಗಿಗಳ ಬುಟ್ಟಿ ಕೊಡುವಾಗ "ಗುರುಂಗ್, ಇದು ನಮ್ಮ ತೋಟದ್ದು, ಗಟ್ಟಿ ಇರುತ್ತೆ ನೋಡಪ್ಪ" ಅಂದಿದ್ದು ಇದೇ ಧ್ವನಿ!

ಮುಖವಾಡ ಮೇಲೆದ್ದಿತು. ಒಳಗೆ ಫುನಾಕಿ ಯಜಮಾನರು.

ನಾನು ಕಕ್ಕಾಬಿಕ್ಕಿ. ಅದೇ ಹೊತ್ತಿಗೆ ಟವೆಲ್ಲಿಗೂ ಧೈರ್ಯ ಸಾಲದೆ ಕೆಳಗೆ ಇಳಿಯಿತು. ನೀಲಿ ರಾಕ್ಷಸ ಮರ್ಯಾದಸ್ಥ, ಕೊಂಬಿನ ಸಮೇತ ಗೋಡೆಯ ಕಡೆ ತಿರುಗಿ ನಿಂತ.

"ರೀ! ಮೊದಲು ಟವೆಲ್ ಕಟ್ಕೊಳ್ಳಿ!" ಜುನು ಕಿರುಚಿದಳು. "ಏನ್ರೀ ಇದು ಅನ್ಯಾಯ! ಬೆಳಿಗ್ಗೆ ಬಿಡಿಸಿ ಬಿಡಿಸಿ ಹೇಳಿದ್ನಲ್ಲ, ಸಂಜೆ ನಮಹಗೆ ಬರ್ತಾರೆ, ವೇಷ ಹಾಕ್ಕೊಂಡು ಬರ್ತಾರೆ, ಕೂಗಾಡ್ತಾರೆ, ಅದು ಇಲ್ಲಿಯ ಪದ್ಧತಿ, ಬೆಟ್ಟದ ದೇವರು ಇದ್ದ ಹಾಗೆ, ಸುಮ್ನೆ ಕೈಮುಗೀಬೇಕು ಅಂತ!"

"ಯಾವಾಗ ಹೇಳಿದೆ?"

"ಬೆಳಿಗ್ಗೆ! ನೀವು ಹೂಂ ಅಂದ್ರಿ!"

ನಮಹಗೆ! ಹೆಸರು ಕೇಳಿದರೆ ನಮ್ಮ ಹಾಗೇ ಅನ್ನಿಸುತ್ತದೆ, ನೋಡಿದರೆ ಯಾರ ಹಾಗೂ ಇಲ್ಲ! ಶಾಲೆಗೆ ರಜೆ ಕೊಡುವ ದಿನ ಇದರ ಬಗ್ಗೆಯೇ ಪಾಠ ಇತ್ತಂತೆ. ಆ ದಿನ ನನಗೆ ಹೊಟ್ಟೆನೋವು.

ರಾಕ್ಷಸರ ಹಿಂದೆ ಲಾಟೀನು ಹಿಡಿದು ನಿಂತಿದ್ದವರನ್ನು ಆಗ ನೋಡಿದೆ. ಮಿಯುರಾಸಾನ್! ನಮ್ಮ ಶಾಲೆಯಲ್ಲಿ ಹಾಜರಿ ಹಾಕುವ ಗುಮಾಸ್ತರು; ಸಾನ್ ಅಂದರೆ ಇಲ್ಲಿ ಗೌರವದ 'ಅವರು'. ರಾಕ್ಷಸರಿಗಿಂತ ಮುಂಚೆ ಬಂದು ಮನೆಯವರ ಒಪ್ಪಿಗೆ ಕೇಳುವುದು ಅವರ ಕೆಲಸವಂತೆ. "ಕೇಳಿಯೇ ಒಳಗೆ ಬಂದ್ವಿ" ಅಂದರು ಕ್ಷೀಣವಾಗಿ. ನೀಲಿ ಮುಖದೊಳಗಿಂದ ಹೊರಬಂದವರು ಕ್ಷೌರದಂಗಡಿಯ ಕಮಾತಾಸಾನ್. ವಾರದ ಹಿಂದೆ ಇದೇ ಕೈ ನನ್ನ ಕುತ್ತಿಗೆಯ ಮೇಲೆ ಕತ್ತಿ ಆಡಿಸಿತ್ತು. ಆಗ ಹೆದರದವನು ಈಗ ಮರದ ಕತ್ತಿಗೆ ಹೆದರಿದ್ದೆ.

ಟವೆಲ್ಲಿನಲ್ಲೇ ನೆಲಕ್ಕೆ ಹಣೆ ಹಚ್ಚಿದೆ. "ತಪ್ಪಾಯ್ತು! ತಪ್ಪಾಯ್ತು ಯಜಮಾನ್ರೇ! ಮೂಲಂಗಿ... ನೀವೇ ಕೊಟ್ಟ ಮೂಲಂಗಿ..."

"ಗಟ್ಟಿ ಇತ್ತಲ್ಲ" ಅಂದರು ಅವರು, ಪಾದ ಹಿಡಿದುಕೊಂಡು ಮುಖ ಹಿಂಡುತ್ತಾ. "ನಲವತ್ತು ವರ್ಷದಿಂದ ಈ ವೇಷ ಹಾಕ್ತಿದ್ದೀನಿ. ಮಕ್ಕಳು ಅತ್ತಿದ್ದು ನೋಡಿದ್ದೀನಿ, ಸೊಸೆಯಂದಿರು ಬಚ್ಚಿಟ್ಕೊಂಡಿದ್ದು ನೋಡಿದ್ದೀನಿ. ತಿರುಗಿ ಹೊಡೆದವನನ್ನ ಇವತ್ತೇ ನೋಡಿದ್ದು."

ಪಾದ ಊದಿಕೊಳ್ಳುತ್ತಿತ್ತು. ಅವರು ತಮ್ಮ ಹೊದಿಕೆಯಿಂದಲೇ ನಾಲ್ಕು ಎಳೆ ಹುಲ್ಲು ಕಿತ್ತು ಕಾಲಿಗೆ ಕಟ್ಟಿಕೊಂಡರು. ರಾಕ್ಷಸನ ಮೈಯಿಂದ ಉದುರಿದ ಹುಲ್ಲು ಕಟ್ಟಿಕೊಂಡರೆ ಮೈ ಗಟ್ಟಿಯಾಗಿರುತ್ತದೆ ಅಂತ ಇಲ್ಲಿನವರ ನಂಬಿಕೆ. ಜುನು ಕೂಡ ನೆಲದಲ್ಲಿ ಬಿದ್ದಿದ್ದ ಒಂದು ಎಳೆ ಆರಿಸಿ, ಯಾರೂ ನೋಡುತ್ತಿಲ್ಲ ಅಂದುಕೊಂಡು ಸೊಂಟಕ್ಕೆ ಕಟ್ಟಿಕೊಂಡಳು. ಪಾಪ, ದಿನವಿಡೀ ನಿಂತು ಅಡುಗೆ ಮಾಡಿ ಸೊಂಟ ಹಿಡಿದಿರಬೇಕು. ಫುನಾಕಿ ಯಜಮಾನರು ಅವಳನ್ನು ನೋಡಿದರು, ಹುಲ್ಲನ್ನು ನೋಡಿದರು.

"ಯಜಮಾನ್ರೇ, ಮನೆ ವಿಷಯ..." ಅಂದೆ ನಾನು.

"ಮನೆ ವಿಷಯ ಆಮೇಲೆ. ಇನ್ನೂ ಅರ್ಧ ಊರು ಬಾಕಿ ಇದೆ. ಕೆಂಪು ಮುಖ ಇಲ್ಲದೆ ನೀಲಿ ಮುಖ ಒಂದೇ ಹೋಗೋ ಹಾಗಿಲ್ಲ." ಕಮಾತಾಸಾನ್ ಕಡೆ ನೋಡಿದರು. ಕಮಾತಾಸಾನ್ ಮಿಯುರಾಸಾನ್ ಕಡೆ ನೋಡಿದರು. ಮೂವರೂ ನನ್ನ ಕಡೆ ನೋಡಿದರು.

"ನಾನಾ?!"

"ಊರಲ್ಲಿ ಇನ್ಯಾವ ಗಂಡುಹುಡುಗ ಇದ್ದಾನೆ? ಎಲ್ಲಾ ತೋಕ್ಯೋ ಸೇರ್ಕೊಂಡಿದ್ದಾರೆ. ನಿನಗೆ ಕೂಗೋಕೆ ಬರುತ್ತೆ, ಆಗಲೇ ಕೇಳಿದ್ವಿ. ನೆನಪಿಟ್ಕೋ, ಮುಖವಾಡ ಹಾಕಿದ ಮೇಲೆ ನೀನು ಗುರುಂಗ್ ಅಲ್ಲ, ಬೆಟ್ಟದಿಂದ ಇಳಿದ ದೇವರು. ಯಾರು ಏನೇ ಅಂದ್ರೂ ಮುಖವಾಡ ತೆಗೆಯೋ ಹಾಗಿಲ್ಲ, ನಿನ್ನ ಸ್ವಂತ ಮಾತು ಆಡೋ ಹಾಗಿಲ್ಲ. ಎಲ್ಲ ಮನೆ ಮುಗಿಸಿ ಕೊನೆಗೆ ಈ ಮನೆಗೆ ವಾಪಸ್ ಬನ್ನಿ. ಅರ್ಧಕ್ಕೆ ನಿಂತ ಪೂಜೆ ಮುಗಿಸ್ಬೇಕು. ಆಮೇಲೆ ಮನೆ ಮಾತು."

ಮುರಿದ ಕೊಂಬನ್ನು ಜುನು ಅಂಟುಪಟ್ಟಿ ಸುತ್ತಿ ನಿಲ್ಲಿಸಿದಳು. ಮುಖವಾಡದೊಳಗೆ ಮೀನಿನ ವಾಸನೆ, ಕುತ್ತಿಗೆಯಲ್ಲಿ ಹುಲ್ಲಿನ ತುರಿಕೆ. ಈ ಅವತಾರದಲ್ಲಿ ಹಿಮದೊಳಗೆ ಹೊರಟೆ. ತಲೆಯೊಳಗೆ ಒಂದೇ ಮಾತು: ಕೂಗು, ಚೆನ್ನಾಗಿ ಕೂಗು, ಇಲ್ಲದಿದ್ದರೆ ನಾಳೆ ಮತ್ತೆ ಕ್ಯಾಂಟೀನಿನ ಸಂಸಾರ.

ಮೊದಲೆರಡು ಮನೆಯಲ್ಲಿ ಬರೀ ಮುದುಕರು. ನಾನು "ವೂಓಓ!" ಅಂದರೆ ಅವರು "ಬಂದ್ಯಾ ತಂದೆ, ಬಾ ಬಾ" ಅಂತ ಮದ್ಯ ಹೊಯ್ದು ಕೊಟ್ಟರು. ಮೂರನೆಯ ಮನೆಯಲ್ಲಿ ಪುಟ್ಟ ಹುಡುಗಿಯೊಬ್ಬಳಿದ್ದಳು. ನನ್ನನ್ನು ಕಂಡದ್ದೇ ಅಜ್ಜಿಯ ಬೆನ್ನಿಗೆ ಅಂಟಿಕೊಂಡು ಲಬೋ ಅಂತ ಅತ್ತಳು. ಆಹಾ! ಜಪಾನಿಗೆ ಬಂದ ಮೇಲೆ ಮೊದಲ ಬಾರಿ ನನ್ನನ್ನು ನೋಡಿ ಇನ್ನೊಬ್ಬರು ಬೆಚ್ಚಿದ್ದರು! ಎದೆಯುಬ್ಬಿಸಿ, ಕತ್ತಿ ಎತ್ತಿ, "ತರಕಾರಿ ತಿನ್ನದವರು ಯಾರು?" ಅಂತ ಗರ್ಜಿಸಲು ಬಾಯಿ ತೆರೆದೆ. ಸರಿಯಾಗಿ ಆಗಲೇ ಹಿಂದಿನ ಗೋಡೆಯಿಂದ ಮಧುರವಾದ ಹೆಣ್ಣುಧ್ವನಿ ಬಂತು:

"ಸ್ನಾನದ ನೀರು ಕಾದಿದೆ!"

"ಅಯ್ಯೋ!" ಅಂತ ನಾನು ಹಾರಿದ ಹಾರಾಟಕ್ಕೆ ಕೊಂಬು ಬಾಗಿಲ ಮೇಲ್ಪಟ್ಟಿಗೆ ಬಡಿಯಿತು. ಹುಡುಗಿಯ ಅಳು ಟಪಕ್ಕನೆ ನಿಂತಿತು.

"ಅಜ್ಜೀ! ರಾಕ್ಷಸ ಹೆದರ್ಕೊಂಡ! ಸ್ನಾನಕ್ಕೆ ಹೆದರ್ತಾನೆ!"

"ಅದಕ್ಕೇ ಈ ವಾಸನೆ" ಅಂದಳು ಅಜ್ಜಿ.

ಕಮಾತಾಸಾನ್ ನೀಲಿ ಮುಖದೊಳಗೆ ಗೊಳ್ಳೆಂದು ನಗುತ್ತಿದ್ದದ್ದು ಹುಲ್ಲಿನ ಕುಲುಕಾಟದಲ್ಲೇ ಗೊತ್ತಾಗುತ್ತಿತ್ತು. ಹೊರಗೆ ಬಂದಾಗ ಹುಡುಗಿ ಕಿಟಕಿಯಿಂದ ನನಗೆ ಕೈಬೀಸಿದಳು. ನಾನೂ ಬೀಸಿದೆ. ಮಿಯುರಾಸಾನ್ ಲಾಟೀನಿನ ಬೆಳಕಿನಲ್ಲಿ ಏನನ್ನೋ ಮನಸ್ಸಿನಲ್ಲೇ ಬರೆದುಕೊಂಡ ಹಾಗೆ ಕಂಡಿತು. ಇವರು ಹೋಗಿ ಹೇಳಿದರೆ ಮುಗಿಯಿತು, ಮನೆಯ ಆಸೆಗೆ ಎಳ್ಳುನೀರು ಅಂದುಕೊಂಡೆ.

ಊಟದ ಹೊತ್ತಿಗೆ ನಮ್ಮ ಮನೆ ಬಂತು. ಮಿಯುರಾಸಾನ್ ಬಾಗಿಲಲ್ಲಿ ಬಾಗಿ, "ಒಳಗೆ ಬರಬಹುದಾ?" ಅಂದರು.

"ಬನ್ನಿ. ದಾರಿನೇ ಕಾಯ್ತಿದ್ದೆ" ಅಂದಳು ಜುನು. ಆ ದನಿ ನನಗೆ ಚೆನ್ನಾಗಿ ಗೊತ್ತು.

ಒಳಗೆ ಫುನಾಕಿ ಯಜಮಾನರು ಊದಿದ ಕಾಲನ್ನು ದಿಂಬಿನ ಮೇಲಿಟ್ಟು, ನನ್ನ ಕೊತಾತ್ಸುವಿನಲ್ಲಿ, ನನ್ನ ಜಾಗದಲ್ಲಿ ಕೂತಿದ್ದರು. ನಾವು ನೆಲ ಒದ್ದು, ಗರ್ಜಿಸಿ, ಎದುರು ಕೂತೆವು. ಪದ್ಧತಿಯ ಪ್ರಕಾರ ನಾನು ಕೇಳಬೇಕು, ಮನೆಯವರು "ಇಲ್ಲ ಸ್ವಾಮಿ, ಎಲ್ಲರೂ ಒಳ್ಳೆಯವರು" ಅಂತ ಮನೆಮಂದಿಯನ್ನು ಬಿಟ್ಟುಕೊಡದೆ ಹೇಳಬೇಕು. ಎಲ್ಲ ಮನೆಯಲ್ಲೂ ಹಾಗೇ ಆಗಿತ್ತು.

"ಈ ಮನೆಯಲ್ಲಿ ಸೋಮಾರಿ ಇದ್ದಾನಾ?" ಅಂತ ಗರ್ಜಿಸಿದೆ.

"ಇದ್ದಾರೆ ಸ್ವಾಮಿ" ಅಂದಳು ಜುನು.

ನಾನು ಹೌಹಾರಿದೆ! ಕಮಾತಾಸಾನ್ ನೀಲಿ ಮುಖ ನನ್ನ ಕಡೆ ತಿರುಗಿಸಿದರು.

"ನನ್ನ ಗಂಡ, ಸ್ವಾಮಿ. ಈಗ ಮನೇಲಿಲ್ಲ, ಎಲ್ಲೋ ಊರು ಸುತ್ತೋಕೆ ಹೋಗಿದ್ದಾರೆ. ನೀವು ಬೆಟ್ಟದಿಂದ ಇಷ್ಟು ದೂರ ಬಂದಿದ್ದೀರಿ, ಅದಕ್ಕೇ ಎಲ್ಲಾ ಹೇಳಿಬಿಡ್ತೀನಿ. ರಜೆ ಕೊಡೋ ದಿನ ಹೊಟ್ಟೆನೋವು ಅಂತ ಶಾಲೆಗೆ ಬರಲಿಲ್ಲ. ನಾನು ವಾಪಸ್ ಬಂದು ನೋಡಿದ್ರೆ ಫ್ರಿಜ್ಜಿನಲ್ಲಿದ್ದ ಮೊಮೊ ಪೂರ್ತಿ ಖಾಲಿ. ನೋವಿದ್ದ ಹೊಟ್ಟೆನೇ ತಿಂದಿದ್ದು."

ಮಿಯುರಾಸಾನ್ ಕೆಮ್ಮಿದರು. ನಾನು ಬಾಯಿ ತೆರೆದೆ. ಫುನಾಕಿ ಯಜಮಾನರು ಬೆರಳೆತ್ತಿದರು: ದೇವರು ಸ್ವಂತ ಮಾತು ಆಡುವ ಹಾಗಿಲ್ಲ!

"ಹೋಂವರ್ಕ್ ಎಲ್ಲಾ ನನ್ನದು ನೋಡ್ಕೊಂಡು ಬರೀತಾರೆ ಸ್ವಾಮಿ. ಒಂದ್ಸಲ ನಾನು 'ನನ್ನ ಗಂಡ ಗೊರಕೆ ಹೊಡೆಯುತ್ತಾರೆ' ಅಂತ ಬರೆದಿದ್ರೆ ಅದನ್ನೂ ಹಾಗೇ ಬರೆದು ಕೊಟ್ಟಿದ್ದಾರೆ."

"ಓಹೋ, ಅದು ಹಾಗಾ!" ಮಿಯುರಾಸಾನ್ ತಡೆಯಲಾರದೆ ಹೇಳಿಬಿಟ್ಟರು. "ಟೀಚರುಗಳೆಲ್ಲ ಸೇರಿ ಒಂದು ವಾರ ತಲೆ ಕೆಡಿಸ್ಕೊಂಡಿದ್ವಿ."

"ಬಾಗಿಲ ಮುಂದಿನ ಹಿಮ ತೆಗೀರಿ ಅಂದ್ರೆ, ನಾಳೆ ತಾನಾಗೇ ಕರಗುತ್ತೆ ಅಂತಾರೆ."

"ಕರಗಲ್ಲಮ್ಮ. ನಾನೇ ತೆಗೆದದ್ದು" ಅಂದರು ಫುನಾಕಿ ಯಜಮಾನರು, ಮೀನು ಚೀಪುತ್ತಾ.

ಮುಖವಾಡದೊಳಗೆ ಬೆವರು ಧಾರಾಕಾರ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾಜರಿಯವರ ಮುಂದೆ ಹಾಜರಿ, ಮನೆ ಕೊಟ್ಟವರ ಮುಂದೆ ಮನೆ, ಎರಡನ್ನೂ ನನ್ನ ಹೆಂಡತಿ ನನ್ನ ಕಣ್ಣೆದುರೇ ಹರಾಜು ಹಾಕುತ್ತಿದ್ದಳು! ನಾನು ಕತ್ತಿ ಹಿಡಿದ ಭೀಕರ ದೇವರಾಗಿ ಸುಮ್ಮನೆ ಕೂತಿರಬೇಕಿತ್ತು. ಕಮಾತಾಸಾನ್ ಮೊಣಕೈಯಿಂದ ತಿವಿದು, "ಬೈಯಿ, ಬೈಯಿ, ನಿನ್ನ ಸರದಿ" ಅಂತ ಪಿಸುಗುಟ್ಟಿದರು.

"ಎಂಥಾ... ಎಂಥಾ ಗಂಡ ಅವನು!" ಅಂತ ನಾನೇ ನನಗೆ ಬೈದೆ.

"ಸರಿಯಾಗಿ ಕೇಳಿದ್ರಿ ಸ್ವಾಮಿ. ಆದ್ರೆ ಅದ್ಯಾವುದೂ ದೊಡ್ಡದಲ್ಲ." ಜುನುವಿನ ದನಿ ಸಣ್ಣಗಾಯಿತು. ಈಗ ಅದರಲ್ಲಿ ತಮಾಷೆ ಇರಲಿಲ್ಲ. "ನಾನು ಮಾತಾಡಿದ್ರೆ ಹೂಂ ಅಂತಾರೆ. ಅಷ್ಟೇ. ಹಾಸ್ಟೆಲಿನಲ್ಲಿ ಇದ್ದಾಗ ದಿನಕ್ಕೆ ಅರ್ಧ ಗಂಟೆ ಸಿಗ್ತಿದ್ರು, ಕಣ್ಣು ಕೀಳದೆ ನನ್ನನ್ನೇ ನೋಡ್ತಾ ಕೇಳೋರು. ಒಂದೇ ಮನೆಗೆ ಬಂದ ಮೇಲೆ ಕೇಳೋದೇ ನಿಂತುಹೋಯ್ತು. ಒಂದು ವಿಷಯ ಇವರಿಗೆ ಎರಡು ಸಲ ಹೇಳಿದೆ. ಮೊದಲನೇ ಸಲ ಹೂಂ ಅಂದ್ರು. ಎರಡನೇ ಸಲ, ಇವತ್ತು ಬೆಳಿಗ್ಗೆ, ಹೂಂ ಹೂಂ, ಚಾರ್ಜರ್ ಎಲ್ಲಿ ಅಂದ್ರು. ಮನುಷ್ಯರಿಗೆ ಹೇಳಿ ಉಪಯೋಗ ಇಲ್ಲ ಅಂತ ನಿಮಗೇ ಹೇಳ್ತಿದ್ದೀನಿ ಸ್ವಾಮಿ."

ಸೊಂಟದ ಹುಲ್ಲನ್ನು ಮೆಲ್ಲಗೆ ಮುಟ್ಟಿಕೊಂಡಳು.

"ಬೇಸಿಗೆಗೆ ನಮಗೆ ಮಗು ಆಗುತ್ತೆ."

ಕತ್ತಿ ಕೈಯಿಂದ ಜಾರಿ ತಟ್ಟೆಯ ಮೇಲೆ ಬಿತ್ತು. ಕಮೋಡಿಗೆ ಬೆಚ್ಚಿದ್ದು, ಗೀಸರಿಗೆ ಬೆಚ್ಚಿದ್ದು, ರಾಕ್ಷಸರಿಗೆ ಬೆಚ್ಚಿದ್ದು ಇದರ ಮುಂದೆ ಏನೂ ಅಲ್ಲ! ಮೀನಿನ ವಾಸನೆಗೆ ಮೂಗು ಮುಚ್ಚಿದ್ದು, ಹುಲ್ಲು ಕಟ್ಟಿಕೊಂಡಿದ್ದು ಎಲ್ಲ ಒಟ್ಟಿಗೇ ನೆನಪಾಯಿತು. ಎರಡು ಸಲ ಹೇಳಿದ್ದಾಳೆ! ನನ್ನ ಮಗುವಿನ ಸುದ್ದಿ ಕೇಳಿ ನಾನು ಚಾರ್ಜರ್ ಕೇಳಿದ್ದೇನೆ!

ಫುನಾಕಿ ಯಜಮಾನರು ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟು, ಚಾವಣಿಯ ಕಡೆ ಕಣ್ಣೆತ್ತಿದರು.

"ಮೇಲಿನ ಕೋಣೆಗೆ ಬೇಸಿಗೆಯಲ್ಲಿ ಸಮುದ್ರದ ಗಾಳಿ ಚೆನ್ನಾಗಿ ಬರುತ್ತೆ. ಮಗು ಅಲ್ಲೇ ಮಲಗಲಿ. ಕಿಟಕಿ ಸ್ವಲ್ಪ ಬಿಗಿ ಆಗಿದೆ, ನನ್ನ ಕಾಲು ಸರಿಹೋಗಲಿ, ಬಂದು ಸರಿ ಮಾಡ್ತೀನಿ." ಆಮೇಲೆ ನನ್ನ ಮುಖವಾಡವನ್ನೇ ನೋಡುತ್ತಾ ಸೇರಿಸಿದರು: "ಈ ಕೆಂಪು ಮುಖ ಇನ್ನು ಮೇಲೆ ಈ ಮನೆಯಲ್ಲೇ ಇರಲಿ. ಪ್ರತಿ ವರ್ಷ ಹಾಕ್ಕೊಳ್ಳೋಕೆ ಒಬ್ಬ ಬೇಕಲ್ಲ."

ಮನೆ ಉಳಿಯಿತು! ಕುಣಿಯಬೇಕು, ಮುಖವಾಡ ಕಿತ್ತೆಸೆದು ಜುನುವಿನ ಕಾಲು ಹಿಡಿಯಬೇಕು, ಪಲ್ಟನ್ನಿನ ಮರ್ಯಾದೆಗೆ ತಕ್ಕ ಹಾಗೆ ಘನವಾದ ನಾಲ್ಕು ಮಾತು ಹೇಳಬೇಕು. ಆದರೆ ಮುಖವಾಡ ತೆಗೆಯುವ ಹಾಗಿರಲಿಲ್ಲ, ಒಳಗೆ ಕಣ್ಣೀರು ಸುರಿದು ಗದ್ದದ ಕೆಳಗೆ ತೊಟ್ಟಿಕ್ಕುತ್ತಿತ್ತು.

ಜುನು ಮುಂದೆ ಬಾಗಿ ಮುಖವಾಡದ ಕಣ್ಣಿನ ತೂತಿನೊಳಗೆ ಇಣುಕಿದಳು.

"ರೀ, ಈಗಲಾದ್ರೂ ಕೇಳಿಸ್ತಾ?"

ನನ್ನ ಬಾಯಿಂದ ಹೊರಟದ್ದು ಒಂದೇ ಮಾತು.

"ಹೂಂ... ಹೂಂ... ಹೂಂ..."

ಕಮಾತಾಸಾನ್ ಬಹಳ ಹೊತ್ತಿನಿಂದ ತಮ್ಮ ಸರದಿಗೆ ಕಾಯುತ್ತಿದ್ದರು. ಪದ್ಧತಿ ಅರ್ಧಕ್ಕೆ ನಿಲ್ಲಬಾರದಲ್ಲ! ಎದ್ದು ನಿಂತು, ನೆಲ ಒದ್ದು, ಮನೆ ನಡುಗುವಂತೆ ಗರ್ಜಿಸಿದರು:

"ಈ ಮನೆಯಲ್ಲಿ ಅಳೋ ಮಗು ಇದೆಯಾಆಆ?"

"ಒಂದು ಬೇಸಿಗೆಗೆ ಬರುತ್ತೆ" ಅಂದರು ಫುನಾಕಿ ಯಜಮಾನರು. "ಇನ್ನೊಂದು ಇಲ್ಲೇ ಇದೆ ನೋಡಪ್ಪ, ಕೊಂಬು ಹೊತ್ಕೊಂಡು ಕೂತಿದೆ!"